ಹಳೆಯ ನೀರು, ಹೊಸ ನೀರು

ಆಳಂದದ ಹಳೆಯ ಓಣಿಯೊಂದರಲ್ಲಿ ಒಬ್ಬ ನಿವೃತ್ತ ಮಾಸ್ತರರ ಮನೆಯಿದೆ. ಆ ಮನೆಯ ಅಟ್ಟದ ಮೇಲೆ ಒಂದು ಗಾಜಿನ ತೊಟ್ಟಿಯು ಎರಡು ವರ್ಷಗಳವರೆಗೆ ಬೋರಲಾಗಿ ಬಿದ್ದಿತ್ತು. ಅದರ ಮೇಲೆ ಹಳೆಯ ಧೋತರವೊಂದನ್ನು ಹೊದಿಸಿದ್ದರು. ತೊಟ್ಟಿಯು ಒಡೆದಿರಲಿಲ್ಲ, ಸೋರುತ್ತಲೂ ಇರಲಿಲ್ಲ. ಆದರೂ ಅದನ್ನು ಕೆಳಗಿಳಿಸುವ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹಪ್ಪಳದ ಡಬ್ಬಿಯನ್ನು ತರಲು ಅಟ್ಟವನ್ನೇರಿದಾಗ ಮಾಸ್ತರರ ಮೊಮ್ಮಗಳು ಆ ಮೂಲೆಯ ಕಡೆಗೆ ಮುಖ ತಿರುಗಿಸುತ್ತಿರಲಿಲ್ಲ. ಮಾಸ್ತರರೂ ತಿರುಗಿಸುತ್ತಿರಲಿಲ್ಲ. ಆ ತೊಟ್ಟಿಯಲ್ಲಿ ಮೂರು ಜೀವಗಳು ಹೋಗಿದ್ದವು. ಹೋದದ್ದು ಮಾಸ್ತರರ ಕೈಯಿಂದ.

ಮೀನುಗಳು ಮನೆಗೆ ಬಂದ ಸಂದರ್ಭವು ಹೀಗೆ. ಹುಡುಗಿಯ ತಂದೆತಾಯಿಗಳು ಉದ್ಯೋಗದ ನಿಮಿತ್ತ ಪುಣೆಯಲ್ಲಿದ್ದರು. ನಗರದ ಖರ್ಚಿಗೂ ಬಿಡುವಿಲ್ಲದ ದುಡಿಮೆಗೂ ಅಂಜಿ ಅವರು ಮಗಳನ್ನು ಕೆಲವು ವರ್ಷಗಳ ಮಟ್ಟಿಗೆ ಆಳಂದದಲ್ಲಿಯೇ ಬಿಟ್ಟಿದ್ದರು. ಹಗಲೆಲ್ಲ ಶಾಲೆ, ಆಟ, ಗೆಳತಿಯರೆಂದು ನಲಿದಾಡುತ್ತಿದ್ದ ಹುಡುಗಿಯು ದೀಪ ಹಚ್ಚುವ ಹೊತ್ತಿಗೆ ಮಂಕಾಗುತ್ತಿದ್ದಳು. ಇದನ್ನು ಕಂಡ ಮಾಸ್ತರರು ಒಂದು ದಿನ ಕಲಬುರಗಿಯ ಪೇಟೆಯಲ್ಲಿ ಒಂದು ಗುಂಡು ಗಾಜಿನ ಬೋಗುಣಿಯನ್ನೂ ಐದು ಬಂಗಾರಮೀನುಗಳನ್ನೂ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಆಳಂದಕ್ಕೆ ತಂದರು. ಹುಡುಗಿಯು ಅವುಗಳಿಗೆ ಸೋಮ, ಮಂಗಳ, ಬುಧ, ಗುರು, ಶುಕ್ರ ಎಂದು ಹೆಸರಿಟ್ಟಳು. "ಐದಕ್ಕs ನಿಂತದ್ದು ಚಲೋ ಆತು, ಇನ್ನೊಂದು ಬಂದಿದ್ರ ಶನಿ ಬರ್ತಿದ್ದ" ಎಂದು ಅಜ್ಜಿಯು ನಕ್ಕಳು. ಅಂದಿನಿಂದ ದೀಪ ಹಚ್ಚುವ ಹೊತ್ತು ಮೀನುಗಳಿಗೆ ಆಹಾರ ಹಾಕುವ ಹೊತ್ತಾಯಿತು.

ಗುಂಡು ಬೋಗುಣಿಯು ನೋಡಲು ಚೆಲುವಾದದ್ದು, ವಾಸಕ್ಕೆ ಕೆಟ್ಟದ್ದು. ಬಾಯಿ ಕಿರಿದಾದದರಿಂದ ಗಾಳಿಯೂ ನೀರೂ ಕೂಡುವ ಮೈ ಸಣ್ಣದಾಗಿ, ಪ್ರಾಣವಾಯುವು ನೀರಿಗೆ ಸಾಕಷ್ಟು ಇಳಿಯುವದಿಲ್ಲ. ಇಟಲಿಯ ರೋಮ್ ನಗರದವರು ೨೦೦೫ರಲ್ಲಿ ಇಂತಹ ಬೋಗುಣಿಗಳಲ್ಲಿ ಮೀನು ಸಾಕುವದನ್ನೇ ನಿಷೇಧಿಸಿದರು. ಬಂಗಾರಮೀನು ಸಣ್ಣ ಪ್ರಾಣಿಯೂ ಅಲ್ಲ. ಸಾವಿರ ವರ್ಷಗಳ ಹಿಂದೆ ಚೀನದ ಸಾಂಗ್ ಅರಸರ ಕಾಲದಲ್ಲಿ ಉದ್ಯಾನದ ಕೊಳಗಳಲ್ಲಿ ಬೆಳೆಸಿದ ಈ ಮೀನು ಗೆಂಡೆಯ ಕುಲಕ್ಕೆ ಸೇರಿದ್ದು. ಅನುಕೂಲ ಒದಗಿದರೆ ಗೇಣುದ್ದ ಬೆಳೆಯುವದು, ಹತ್ತಿಪ್ಪತ್ತು ವರ್ಷ ಬದುಕುವದು. ಇಂಗ್ಲಂಡಿನಲ್ಲಿ ೧೯೫೬ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಎಂಬ ಬಂಗಾರಮೀನು ೧೯೯೯ರವರೆಗೆ, ಎಂದರೆ ೪೩ ವರ್ಷ, ಬಾಳಿತು. ಹೈದರಾಬಾದ ರಾಜ್ಯವು ಒಡೆದು ಕಲಬುರಗಿ ಜಿಲ್ಲೆಯು ಉಳಿದ ಕನ್ನಡ ನಾಡಿನೊಡನೆ ಕೂಡಿದ ವರ್ಷವೂ ಅದೇ ೧೯೫೬. ಪೇಟೆಯಲ್ಲಿ ಆಟಿಗೆಯ ಬೆಲೆಗೆ ಸಿಗುವ ಪ್ರಾಣಿಗೆ ಇಷ್ಟು ಆಯುಸ್ಸು ಉಂಟೆಂಬದು ಕೊಳ್ಳುವವರಿಗೆ ಹೊಳೆಯುವದೇ ಇಲ್ಲ.

ಮಾಸ್ತರರಿಗೂ ಹೊಳೆಯಲಿಲ್ಲ. ಆದರೆ ಆರು ತಿಂಗಳಲ್ಲಿ ಮೀನುಗಳಿಗೆ ಬೋಗುಣಿಯು ಸಾಲದಾದದ್ದನ್ನು ಅವರು ಕಂಡರು. ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ೯೦ ಸೆಂಟಿಮೀಟರು ಉದ್ದ, ೪೦ ಅಗಲ, ೪೫ ಎತ್ತರದ ಗಾಜಿನ ತೊಟ್ಟಿಯನ್ನು ತರಿಸಿದರು. ವೈಶಾಖ ಮಾಸದ ಒಂದು ಮಧ್ಯಾಹ್ನ, ಹೊರಗೆ ಬಿಸಿಲು ೪೦ ಅಂಶವನ್ನು ಮೀರಿದ್ದಾಗ, ತೊಟ್ಟಿಯನ್ನು ತಿಕ್ಕಿ ತೊಳೆದರು. ಬೋಗುಣಿಯ ಹರಳುಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದರು. ಹಸಿರುಗಟ್ಟಿದ ಹಳೆಯ ನೀರನ್ನು ಮೋರಿಗೆ ಚೆಲ್ಲಿದರು. ಕೊಳವೆಬಾವಿಯಿಂದ ಆಗತಾನೆ ಎತ್ತಿದ ನೀರನ್ನು ತುಂಬಿ, ಐದೂ ಮೀನುಗಳನ್ನು ಜಾಲರಿಯಿಂದ ಹಿಡಿದು ಒಮ್ಮೆಲೆ ಬಿಟ್ಟರು. ನೀರು ಸ್ಫಟಿಕದಂತೆ ಇತ್ತು. ಓಣಿಯ ಮಕ್ಕಳೆಲ್ಲ ಬಂದು ನೋಡಿದರು. ಹೊಸ ಮನೆಯ ಹಬ್ಬವೆಂದು ಹುಡುಗಿಯು ದಿನಕ್ಕೆ ಐದಾರು ಸಲ ಆಹಾರವಿಕ್ಕಿದಳು.

ಮೂರನೆಯ ದಿನ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗಿದವು. ಐದನೆಯ ದಿನ ಸೋಮ, ಏಳನೆಯ ದಿನ ಮಂಗಳ, ಒಂಬತ್ತನೆಯ ದಿನ ಗುರು ತೇಲಿದವು. ಪ್ರತಿಯೊಂದು ಸಾವಿನ ನಂತರ ಮಾಸ್ತರರು ತೊಟ್ಟಿಯನ್ನು ಮತ್ತಷ್ಟು ನಿರ್ಮಲವಾಗಿ ತೊಳೆದರು. ಉಳಿದ ಬುಧ, ಶುಕ್ರಗಳನ್ನು ಹದಿನೈದು ಲೀಟರಿನ ಟಬ್ಬಿನಲ್ಲಿಟ್ಟು ತೊಟ್ಟಿಯನ್ನು ಅಟ್ಟಕ್ಕೇರಿಸಿದರು. ಹುಡುಗಿಯು ಅಳಲಿಲ್ಲ, ಅಜ್ಜನನ್ನು ದೂರಲಿಲ್ಲ. ತನ್ನ ನೋಟುಪುಸ್ತಕದ ಮೊದಲನೆಯ ಪುಟದಲ್ಲಿ ಮೂರು ಹೆಸರು, ಮೂರು ತಾರೀಖು ಬರೆದಿಟ್ಟಳು. ಮಾಸ್ತರರು ಅದನ್ನು ಕಂಡದ್ದು ಮುಂದೆ ಎಷ್ಟೋ ದಿನಗಳ ಮೇಲೆ, ಅವಳ ಲೆಕ್ಕ ತಿದ್ದುವಾಗ.

ಅವರಿಗೆ ಇದು ಬರಿಯ ದುಃಖವಾಗಿದ್ದರೆ ಮರೆಯಬಹುದಾಗಿತ್ತು. ಅದರಲ್ಲಿ ನಾಚಿಕೆಯೂ ಬೆರೆತಿತ್ತು. ಅವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನವನ್ನು ಕಲಿಸಿದವರು. ಸಾರಜನಕದ ಚಕ್ರವೆಂಬ ಪಾಠವು ಬಂದಾಗ ಅವರು ಹಲಗೆಯ ಮೇಲೆ ಚಿತ್ರ ಬರೆದು ಸುಮ್ಮನಾಗುತ್ತಿರಲಿಲ್ಲ. ಮಕ್ಕಳನ್ನು ಹತ್ತಿರದ ಹೊಲಕ್ಕೆ ಕರೆದೊಯ್ದು ತೊಗರಿಯ ಗಿಡವನ್ನು ಬೇರುಸಹಿತ ಕೀಳಿಸಿ, ಬೇರಿನ ಗಂಟುಗಳನ್ನು ತೋರಿಸುತ್ತಿದ್ದರು. ಆ ಗಂಟುಗಳಲ್ಲಿ ವಾಸಿಸುವ ಕಣ್ಣಿಗೆ ಕಾಣದ ಜೀವಾಣುಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತವೆಂದೂ, ಕಲಬುರಗಿಯ ತೊಗರಿಯ ಹಿರಿಮೆಯಲ್ಲಿ ಅವುಗಳ ಪಾಲೂ ಇದೆಯೆಂದೂ ಹೇಳುತ್ತಿದ್ದರು. ಮಣ್ಣಿನಲ್ಲಿ ಕಂಡ ಸತ್ಯವನ್ನು ಅವರು ತಮ್ಮ ಮನೆಯ ನೀರಿನಲ್ಲಿ ಕಾಣಲಿಲ್ಲ.

ಮೀನು ಉಂಡ ಆಹಾರದಲ್ಲಿಯ ಸಾರಜನಕವು ಬಹುಮಟ್ಟಿಗೆ ಅಮೋನಿಯಾ ರೂಪದಲ್ಲಿ ಅದರ ಕಿವಿರುಗಳ ಮೂಲಕ ನೀರಿಗೆ ಸೇರುವದು. ಅಮೋನಿಯಾ ಮೀನಿಗೆ ವಿಷ. ಹೊಳೆಯಲ್ಲಿ ಅದು ಹರಿದುಹೋಗುವದು. ಗಾಜಿನ ನಾಲ್ಕು ಗೋಡೆಗಳ ನಡುವೆ ಎಲ್ಲಿಗೂ ಹೋಗುವದಿಲ್ಲ. ಅದನ್ನು ಸಾಗಿಸುವವು ಒಂದು ಬಗೆಯ ಜೀವಾಣುಗಳು. ಮೊದಲನೆಯ ಗುಂಪು ಅಮೋನಿಯಾವನ್ನು ನೈಟ್ರೈಟಾಗಿ ಮಾಡುವದು, ಅದೂ ವಿಷವೇ. ಎರಡನೆಯ ಗುಂಪು ನೈಟ್ರೈಟನ್ನು ನೈಟ್ರೇಟಾಗಿ ಮಾಡುವದು; ಅದು ಮಿತಿಯಲ್ಲಿದ್ದರೆ ಮೀನಿಗೆ ಬಾಧಕವಲ್ಲ, ಗಿಡಗಳಿಗಂತೂ ಗೊಬ್ಬರ. ಮಣ್ಣಿನಲ್ಲಿ ನಡೆಯುವ ಈ ಎರಡು ಹೆಜ್ಜೆಯ ಕೆಲಸವನ್ನು ೧೮೯೦ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿಯು ಕಂಡುಹಿಡಿದನು. ಮೀನಿನ ತೊಟ್ಟಿಗಳಲ್ಲಿ ಎರಡನೆಯ ಹೆಜ್ಜೆಯನ್ನು ನಡೆಸುವವು ಮುಖ್ಯವಾಗಿ ನೈಟ್ರೊಸ್ಪೈರಾ ಕುಲದವು ಎಂಬದು ೧೯೯೮ರಲ್ಲಿ ಗೊತ್ತಾಯಿತು. ಇವು ನೀರಿನಲ್ಲಿ ತೇಲುತ್ತಿರುವದು ಕಡಿಮೆ. ಹರಳು, ಗಾಜು, ಸೋಸುವ ಸ್ಪಂಜು ಇವುಗಳ ಮೈಗೆ ಅಂಟಿಕೊಂಡಿರುವವು. ಮಾಸ್ತರರು ಹರಳುಗಳನ್ನು ಕುದಿನೀರಿನಲ್ಲಿ ಅದ್ದಿದಾಗ ಆ ಮನೆಯ ಜಾಡಮಾಲಿಗಳೆಲ್ಲರನ್ನೂ ಕೊಂದರು. ಅವರ ನಿರ್ಮಲತೆಯೇ ಮೀನುಗಳಿಗೆ ಮುಳುವಾಯಿತು.

ಇದಕ್ಕೆ ಸೀಮೆಯ ಗುಣವೂ ಕೂಡಿಕೊಂಡಿತು. ಆಳಂದದ ಕರಿಯ ನೆಲದ ಕೆಳಗೆ ಇರುವದು ದಖ್ಖನದ ಕಪ್ಪುಕಲ್ಲು. ಮಾಸ್ತರರ ಕೊಳವೆಬಾವಿಯ ನೀರು ಆ ಕಲ್ಲಿನ ಸಂದಿನಲ್ಲಿ ನಿಂತದ್ದು. ಬಲು ಗಡುಸು, ಕಾಸಿದ ಪಾತ್ರೆಯ ತಳದಲ್ಲಿ ಬಿಳಿಯ ಪೊರೆಯನ್ನು ಬಿಡುವಂಥದು, ಕ್ಷಾರಗುಣದ್ದು. ಅಮೋನಿಯಾದ ವಿಷವು ಕ್ಷಾರದಲ್ಲಿ ಹೆಚ್ಚುವದು. ೨೫ ಅಂಶದ ಉಷ್ಣದಲ್ಲಿ ನೀರಿನ ಪಿ.ಎಚ್. ೭ ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಅರ್ಧ ಪಾಲು ಮಾತ್ರ, ಪಿ.ಎಚ್. ೮ ಆದರೆ ನೂರಕ್ಕೆ ೫ ಪಾಲು. ಉಷ್ಣವೇರಿದರೆ ಇನ್ನೂ ಹೆಚ್ಚು. ಅದೇ ಉಷ್ಣವು ಪ್ರಾಣವಾಯುವನ್ನು ನೀರಿನಿಂದ ಹೊರಗಟ್ಟುವದು: ೨೦ ಅಂಶದಲ್ಲಿ ಲೀಟರಿಗೆ ೯ ಮಿಲಿಗ್ರಾಮಿನಷ್ಟು ಹಿಡಿಯುವ ನೀರು ೩೦ ಅಂಶದಲ್ಲಿ ಏಳೂವರೆ ಮಿಲಿಗ್ರಾಮನ್ನೇ ಹಿಡಿಯುವದು. ತಂಪು ನೀರಿನ ಪ್ರಾಣಿಯನ್ನು ವೈಶಾಖದ ಮಧ್ಯಾಹ್ನ, ಹುಳಿಗೆ ತಿರುಗಿದ ಹಳೆಯ ನೀರಿನಿಂದ ಕ್ಷಾರದ ಹೊಸ ನೀರಿಗೆ ಒಂದು ಕ್ಷಣದಲ್ಲಿ ಬಿಟ್ಟರೆ ಅದು ತಡೆಯುವದಾದರೂ ಹೇಗೆ?

ಹೀಗೆ ಎರಡು ವರ್ಷ ಕಳೆದವು. ಟಬ್ಬಿನಲ್ಲಿದ್ದ ಬುಧ, ಶುಕ್ರಗಳು ಅರ್ಧ ಗೇಣು ಬೆಳೆದು, ತಿರುಗುವಾಗ ಬಾಲವನ್ನು ಗೋಡೆಗೆ ಬಡಿಯುತ್ತಿದ್ದವು. ಸಣ್ಣದೊಂದು ಸ್ಪಂಜಿನ ಸೋಸುಗೆಯನ್ನೂ ಗಾಳಿಯ ಪಂಪನ್ನೂ ಮಾಸ್ತರರು ಇರಿಸಿದ್ದರೂ ಮೂರು ದಿನಕ್ಕೊಮ್ಮೆ ನೀರು ಬದಲಿಸದೆ ಗತಿಯಿರಲಿಲ್ಲ. ನೆರೆಯವರೊಬ್ಬರು, "ಅಮರ್ಜಾ ಹೊಳಿಗಿ ಬಿಟ್ಟುಬಿಡ್ರಿ ಮಾಸ್ತರ, ಪುಣ್ಯ ಬರ್ತದ" ಎಂದರು. ಕೋರಳ್ಳಿಯ ಜಲಾಶಯವನ್ನು ದಾಟಿ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುವ ಆ ಹೊಳೆಯು ಮಾಸ್ತರರಿಗೆ ಪ್ರಿಯವಾದದ್ದು. ಆದಕಾರಣವೇ ಅವರು ಒಪ್ಪಲಿಲ್ಲ. ಆಸ್ಟ್ರೇಲಿಯ, ಅಮೇರಿಕಗಳ ಕೆರೆಹೊಳೆಗಳಲ್ಲಿ ಜನರು ಹೀಗೆ ಕನಿಕರದಿಂದ ಬಿಟ್ಟ ಬಂಗಾರಮೀನುಗಳು ಹೆಚ್ಚಿ, ತಳದ ಕೆಸರನ್ನು ಕೆದಕಿ, ಅಲ್ಲಿಯ ಮೂಲ ಮೀನುಗಳ ಅನ್ನವನ್ನು ಕಸಿದಿವೆ. ಸಾಕಿದವನ ಹೊಣೆಯನ್ನು ಹೊಳೆಯ ಮೇಲೆ ಹೊರಿಸುವದು ಪುಣ್ಯವಲ್ಲ.

ಮೀನನ್ನು ಸಾಕುವವನ ಹೊಣೆಯ ಮಾತು ಈ ನಾಡಿಗೆ ಹೊಸದಲ್ಲ. ಆಳಂದಕ್ಕೆ ನೆರೆಯ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಯಾವ ಮೀನು ಎಂಥ ನೀರಿನದು, ಯಾವುದಕ್ಕೆ ಎಂಥ ಆಹಾರ ಎಂಬದನ್ನು ಅರಸನು ಅಲ್ಲಿ ಬೇರೆಬೇರೆಯಾಗಿ ವಿವರಿಸಿದ್ದಾನೆ. ಅವನ ವಿನೋದವು ಗಾಳ ಹಾಕುವದಾದರೂ, ಮೀನೆಲ್ಲ ಒಂದೇ ಅಲ್ಲ, ನೀರೆಲ್ಲ ಒಂದೇ ಅಲ್ಲ ಎಂಬ ತಿಳಿವಳಿಕೆಯು ಅದರಲ್ಲಿದೆ. ಅದಕ್ಕೂ ಹಿಂದೆ, ಶತಪಥ ಬ್ರಾಹ್ಮಣದಲ್ಲಿ, ಮನುವಿನ ಕೈಗೆ ಸಿಕ್ಕ ಪುಟ್ಟ ಮೀನಿನ ಕಥೆಯಿದೆ. ಮನುವು ಅದನ್ನು ಮೊದಲು ಗಡಿಗೆಯಲ್ಲಿಟ್ಟನು. ಗಡಿಗೆ ಸಾಲದಾದಾಗ ಗುಂಡಿ ತೋಡಿ ಬಿಟ್ಟನು. ಅದೂ ಸಾಲದಾದಾಗ ಸಮುದ್ರಕ್ಕೆ ಒಯ್ದನು. ಪ್ರಳಯದಲ್ಲಿ ಮೀನು ಮನುವನ್ನು ಕಾಪಾಡಿದ್ದನ್ನೇ ಎಲ್ಲರೂ ನೆನೆಯುವರು. ಅದು ಬೆಳೆದಂತೆಲ್ಲ ಮನುವು ಪಾತ್ರೆಯನ್ನು ಹಿರಿದುಮಾಡುತ್ತ ಹೋದನೆಂಬದನ್ನು ಮರೆಯುವರು.

ಆ ವರ್ಷ ಮಳೆಗಾಲದಲ್ಲಿ ಪುಣೆಯಿಂದ ಒಂದು ಸುದ್ದಿ ಬಂದಿತು. ಬರುವ ಜೂನದಿಂದ ಮಗಳನ್ನು ತಮ್ಮ ಬಳಿಯ ಶಾಲೆಗೆ ಸೇರಿಸುವದಾಗಿ ತಂದೆತಾಯಿಗಳು ನಿಶ್ಚಯಿಸಿದ್ದರು. ಹುಡುಗಿಯು ಸಂತೋಷಪಟ್ಟಳು, ರಾತ್ರಿ ಟಬ್ಬಿನ ಬಳಿ ಬಹಳ ಹೊತ್ತು ಕುಳಿತಳು. ಮರುದಿನ ಮುಂಜಾನೆ ಅವಳೇ ಕೇಳಿದಳು: "ಮುತ್ಯಾ, ನಾ ಹೋಗೂದ್ರೊಳಗ ಇವನ್ನ ದೊಡ್ಡ ನೀರಿಗಿ ಬಿಡಾಣೇನು?" ಮಾಸ್ತರರಿಗೆ ಕೂಡಲೆ ಉತ್ತರ ಹೊರಡಲಿಲ್ಲ. ಅಜ್ಜಿಯು ಒಳಗಿನಿಂದಲೇ ಅಂದಳು: "ಬಿಡ್ರಿ. ಆದ್ರ ಹೋದ ಸಲದಂಗ ಬ್ಯಾಡ. ಹೆಣ್ಮಗಳನ್ನ ಗಂಡನ ಮನಿಗಿ ಕಳಸ್ಲಾಕ ಎಷ್ಟು ಸಲ ಕರಿಯೂದು, ಎಷ್ಟು ಸಲ ಕಳಿಸೂದು! ಮೀನಿಗಿ ಒಂದು ಮಧ್ಯಾಹ್ನದಾಗ ಮುಗಿಸಿದ್ರಿ." ಮೂವತ್ತು ವರ್ಷದ ಪಾಠದಲ್ಲಿ ಸಿಗದ ಸೂತ್ರವು ಅಡಿಗೆಮನೆಯಿಂದ ಬಂದಿತು.

ತೊಟ್ಟಿಯನ್ನು ಅಟ್ಟದಿಂದ ಇಳಿಸಿದರು. ಸಾಬೂನನ್ನು ಮುಟ್ಟಿಸದೆ ಬರಿಯ ನೀರಿನಿಂದ ತೊಳೆದರು. ಸಾಬೂನಿನ ಪೊರೆಯು ಎಷ್ಟು ತೊಳೆದರೂ ಉಳಿಯುವದು, ಕಿವಿರಿಗೆ ತಗಲಿದರೆ ಘಾತವಾಗುವದು. ಮೊದಲು ಒಂದು ದಿನ ಅಂಗಳದಲ್ಲಿ ನೀರು ತುಂಬಿಟ್ಟು ಸೋರುವದೇನೆಂದು ನೋಡಿದರು. ೪೦ ಸೆಂಟಿಮೀಟರು ಆಳಕ್ಕೆ ತುಂಬಿದರೆ ನೀರೇ ೧೪೪ ಲೀಟರು, ಎಂದರೆ ೧೪೪ ಕಿಲೋ. ಗಾಜು, ಹರಳು ಸೇರಿ ಒಂದೂಮುಕ್ಕಾಲು ಕ್ವಿಂಟಲಿನ ಸುಮಾರಿಗೆ ಬರುವದು. ಆದದರಿಂದ ಮೇಜನ್ನು ನಂಬದೆ, ಪಡಸಾಲೆಯ ಉತ್ತರದ ಗೋಡೆಗೆ ಹೊಂದಿ ಇಟ್ಟಂಗಿಯ ಕಟ್ಟೆ ಕಟ್ಟಿಸಿ ಮೇಲೆ ಶಹಾಬಾದದ ಹಾಸುಗಲ್ಲನ್ನು ಹಾಕಿಸಿದರು. ಮಟ್ಟದಲ್ಲಿ ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಗಾಜಿನ ತಳ ಸೀಳುವದಾದದರಿಂದ, ಕಲ್ಲಿಗೂ ಗಾಜಿಗೂ ನಡುವೆ ಥರ್ಮೋಕೋಲಿನ ಹಾಳೆಯನ್ನು ಹಾಸಿದರು. ಉತ್ತರದ ಗೋಡೆಯನ್ನು ಆರಿಸಿದ್ದು ಬಿಸಿಲು ತಾಗಬಾರದೆಂದು. ಬೇಸಿಗೆಯಲ್ಲಿ ಹೊರಗೆ ಒದ್ದೆಯ ಬಟ್ಟೆ ಹೊದಿಸಿ ಮೇಲೆ ಫ್ಯಾನು ಬೀಸಲು ಅನುಕೂಲವಾಗಲೆಂದು.

ಅಷ್ಟರಲ್ಲಿ ಅಜ್ಜಿಯು ಇನ್ನೊಂದು ಪ್ರಶ್ನೆಯನ್ನು ಎತ್ತಿದಳು. ಬೇಸಿಗೆಯಲ್ಲಿ ಕೊಡದಿಂದ ಕೊಡಕ್ಕೆ ನೀರನ್ನು ಎಣಿಸುವ ಸೀಮೆಯಲ್ಲಿ ಎರಡು ಮೀನಿಗೆ ಹತ್ತು ಕೊಡ ನೀರು ಸಲ್ಲುವದೆ? ಪ್ರಶ್ನೆಯು ನ್ಯಾಯವಾದದ್ದು. ಮಾಸ್ತರರು ಲೆಕ್ಕ ಹಾಕಿದರು. ಟಬ್ಬಿನ ನೀರನ್ನು ಮೂರು ದಿನಕ್ಕೊಮ್ಮೆ ಚೆಲ್ಲಿದರೆ ವಾರಕ್ಕೆ ಸುಮಾರು ೩೫ ಲೀಟರು ಹೋಗುತ್ತಿತ್ತು. ದೊಡ್ಡ ತೊಟ್ಟಿಯಲ್ಲಿ ವಾರಕ್ಕೊಮ್ಮೆ ಕಾಲುಭಾಗ ತೆಗೆದರೂ ೩೬ ಲೀಟರು. ಒಮ್ಮೆ ತುಂಬಿದ ಮೇಲೆ ಹೆಚ್ಚಿನ ವೆಚ್ಚವೇ ಇಲ್ಲ. ಹೆಚ್ಚು ನೀರಿನಲ್ಲಿ ವಿಷವು ತೆಳುವಾಗುವದು, ಉಷ್ಣವು ಥಟ್ಟನೆ ಏರಿಳಿಯದು. ತೆಗೆದ ನೀರನ್ನು ಮೋರಿಗೆ ಚೆಲ್ಲದೆ ತುಳಸಿಗೂ ಮಲ್ಲಿಗೆಗೂ ಲಿಂಬೆಯ ಗಿಡಕ್ಕೂ ಹಾಕುವದೆಂದು ಗೊತ್ತಾಯಿತು. ನೈಟ್ರೇಟು ತುಂಬಿದ ನೀರು ಗಿಡಕ್ಕೆ ಬರಿಯ ನೀರಿಗಿಂತ ಮೇಲು. ಅಜ್ಜಿಯು ಒಪ್ಪಿದಳು, ಗಿಡಗಳು ಅವಳವು.

ಮೀನುಗಳನ್ನು ಮಾತ್ರ ಮುಟ್ಟಲಿಲ್ಲ. ಟಬ್ಬಿನ ಸ್ಪಂಜನ್ನು ಎರಡಾಗಿ ಕತ್ತರಿಸಿ ಅರ್ಧವನ್ನು ಅಲ್ಲಿಯೇ ಬಿಟ್ಟು, ಉಳಿದರ್ಧವನ್ನು ಹೆಪ್ಪಿನಂತೆ ಹೊಸ ತೊಟ್ಟಿಯ ಸೋಸುಗೆಯಲ್ಲಿ ಇರಿಸಿದರು. ಹಾಲಿಗೆ ಹೆಪ್ಪು ಹಾಕುವದೆಂಬ ಹೋಲಿಕೆ ಹುಡುಗಿಗೆ ಕೂಡಲೆ ತಿಳಿಯಿತು. ಆ ಜೀವಾಣುಗಳು ಹಸಿದು ಸಾಯದಂತೆ ದಿನಾಲು ಒಂದು ಚಿಟಿಕೆ ಮೀನಿನ ಆಹಾರವನ್ನು ಬರಿಯ ನೀರಿಗೆ ಹಾಕಿದರು. ಅದು ಕೊಳೆತು ಅಮೋನಿಯಾ ಆಗುವದು. ಗಾಳಿಯ ಪಂಪು ಹಗಲಿರುಳು ನಡೆಯಿತು. ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಸಾಮಗ್ರಿಯನ್ನು ತರಿಸಿ, ಎರಡು ದಿನಕ್ಕೊಮ್ಮೆ ನೋಡಿ, ಹುಡುಗಿಯು ಅದೇ ನೋಟುಪುಸ್ತಕದ ಎರಡನೆಯ ಪುಟದಿಂದ ಬರೆಯತೊಡಗಿದಳು. ಮೊದಲ ವಾರ ಅಮೋನಿಯಾ ಏರಿತು. ಎರಡನೆಯ ವಾರ ಅದು ಇಳಿಯತೊಡಗಿ ನೈಟ್ರೈಟು ಏರಿತು. ಮೂರನೆಯ ವಾರವೆಲ್ಲ ನೈಟ್ರೈಟು ಇಳಿಯಲೇ ಇಲ್ಲ. "ನೀರು ತಿಳಿಯಾಗೇ ಅದ ಅಲ್ಲ ಮುತ್ಯಾ" ಎಂದು ಹುಡುಗಿಯು ಬೇಸತ್ತಳು. "ಹೋದ ಸಲವೂ ತಿಳಿಯಾಗೇ ಇತ್ತವ್ವಾ" ಎಂದರು ಮಾಸ್ತರರು. ಆ ಮಾತನ್ನು ಅವರು ಮನೆಯಲ್ಲಿ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಐದನೆಯ ವಾರದ ಕೊನೆಗೆ ಅಮೋನಿಯಾವೂ ನೈಟ್ರೈಟೂ ಎರಡೂ ಶೂನ್ಯಕ್ಕೆ ಬಂದು ನೈಟ್ರೇಟು ಮಾತ್ರ ಉಳಿಯಿತು. ಮನೆಯು ವಾಸಕ್ಕೆ ಸಿದ್ಧವಾಗಿತ್ತು.

ಆಮೇಲೆಯೂ ಒಂದು ವಾರ ಕಾಯ್ದರು. ಹೊಸ ತೊಟ್ಟಿಯ ಕಾಲುಭಾಗದ ನೀರನ್ನು ಬದಲಿಸಿ ನೈಟ್ರೇಟನ್ನು ಇಳಿಸಿದರು. ದಿನಾಲು ಟಬ್ಬಿನಿಂದ ಎರಡು ಲೀಟರು ತೆಗೆದು, ಅಷ್ಟೇ ನೀರನ್ನು ಹೊಸ ತೊಟ್ಟಿಯಿಂದ ನಿಧಾನವಾಗಿ ಟಬ್ಬಿಗೆ ಸುರಿದರು. ಹೀಗೆ ಮೀನುಗಳು ಹೊಸ ನೀರಿಗೆ ಹೋಗುವ ಮೊದಲು ಹೊಸ ನೀರೇ ಮೀನುಗಳ ಬಳಿಗೆ ಬಂದಿತು. ಏಳನೆಯ ದಿನ ಎರಡೂ ನೀರುಗಳ ಕ್ಷಾರ, ಉಷ್ಣಗಳು ಬಹುಮಟ್ಟಿಗೆ ಒಂದಾದವು. ಮನೆಯಲ್ಲಿ ಬಳಸಿದ್ದು ಕೊಳವೆಬಾವಿಯ ನೀರು. ನಲ್ಲಿಯ ನೀರನ್ನು ಬಳಸುವವರು ಅದರಲ್ಲಿಯ ಕ್ಲೋರಿನನ್ನು ಮೊದಲು ಕಳೆಯಬೇಕು. ಅಗಲವಾದ ಪಾತ್ರೆಯಲ್ಲಿ ತೆರೆದಿಟ್ಟು ಗಾಳಿಯಾಡಿಸಿದರೆ ಒಂದೆರಡು ದಿನಗಳಲ್ಲಿ ಅದು ಹೋಗುವದು. ಅವಸರವಿದ್ದರೆ ಸೋಡಿಯಮ್ ಥಯೊಸಲ್ಫೇಟಿನ ದ್ರಾವಣವನ್ನು ಅಳತೆಯಂತೆ ಹಾಕತಕ್ಕದ್ದು.

ಪೇಟೆಯಿಂದ ಚೀಲದಲ್ಲಿ ದೂರ ತಂದ ಮೀನಿನ ಮಾತು ಬೇರೆ. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಉಸಿರು ಕೂಡಿ ನೀರು ಹುಳಿಯಾಗುವದು. ಆ ಹುಳಿಯಲ್ಲಿ ಅಮೋನಿಯಾದ ವಿಷವು ಅಡಗಿರುವದು. ಚೀಲವನ್ನು ಬಿಚ್ಚಿ ಕ್ಷಾರದ ನೀರನ್ನು ಗಂಟೆಗಟ್ಟಲೆ ಸೇರಿಸುತ್ತ ಕುಳಿತರೆ ಆ ವಿಷವು ಚೀಲದಲ್ಲಿಯೇ ಎಚ್ಚತ್ತು ಮೀನನ್ನು ಸುಡುವದು. ಅಂಥಲ್ಲಿ ಬಿಚ್ಚದ ಚೀಲವನ್ನು ತೊಟ್ಟಿಯಲ್ಲಿ ಕಾಲು ಗಂಟೆ ತೇಲಬಿಟ್ಟು ಉಷ್ಣವನ್ನು ಸಮಮಾಡಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನಷ್ಟೇ ಬಿಡುವದು ಲೇಸು. ಚೀಲದ ನೀರನ್ನು ತೊಟ್ಟಿಗೆ ಸೇರಿಸಬಾರದು. ನಿಧಾನವೆಂಬದು ಎಲ್ಲೆಡೆಯೂ ಗುಣವಲ್ಲ. ಯಾವಾಗ ನಿಧಾನ, ಯಾವಾಗ ಅವಸರ ಎಂಬದನ್ನು ನೀರು ನೋಡಿ ಅರಿಯಬೇಕು.

ಆಶ್ವಯುಜದ ಒಂದು ರವಿವಾರ ಬೆಳಗಿನ ಜಾವವನ್ನು ಗೊತ್ತುಮಾಡಿದರು. ಹಿಂದಿನ ದಿನ ಮೀನುಗಳಿಗೆ ಉಪವಾಸ. ಹೊಟ್ಟೆ ತುಂಬಿದ ಮೀನು ಗಾಬರಿಯಲ್ಲಿ ನೀರನ್ನು ಹೆಚ್ಚು ಕೆಡಿಸುವದು. ಪಡಸಾಲೆಯ ದೀಪಗಳನ್ನು ಆರಿಸಿ ಬಾಗಿಲನ್ನು ಅರೆ ಮುಚ್ಚಿದರು. ಜಾಲರಿಯನ್ನು ಮುಟ್ಟಲಿಲ್ಲ, ಅದರ ನೂಲು ಮೀನಿನ ಮೈಮೇಲಿನ ಲೋಳೆಯನ್ನು ಕೆರೆಯುವದು, ಆ ಲೋಳೆಯೇ ಅದಕ್ಕೆ ರೋಗದಿಂದ ಕವಚ. ಅಗಲವಾದ ಪ್ಲಾಸ್ಟಿಕ್ಕಿನ ಡಬ್ಬಿಯನ್ನು ಟಬ್ಬಿನೊಳಗೆ ಮುಳುಗಿಸಿ ಹಿಡಿದು, ಮೀನು ತಾನಾಗಿ ಒಳಬರುವವರೆಗೆ ಕಾಯ್ದು, ನೀರುಸಹಿತ ಎತ್ತಿದರು. ಮೊದಲು ಶುಕ್ರ, ಆ ಮೇಲೆ ಬುಧ. ಡಬ್ಬಿಯನ್ನು ಹೊಸ ತೊಟ್ಟಿಯಲ್ಲಿ ತೇಲಬಿಟ್ಟು, ಐದು ನಿಮಿಷಕ್ಕೊಮ್ಮೆ ಒಂದು ಬಟ್ಟಲು ನೀರನ್ನು ಹುಡುಗಿಯ ಕೈಯಿಂದ ಹಾಕಿಸಿದರು. ಎಂಟು ಬಟ್ಟಲಾದ ಮೇಲೆ ಡಬ್ಬಿಯನ್ನು ಓರೆಮಾಡಿ ಹಿಡಿದರು. ಬುಧನು ಒಮ್ಮೆ ಅಂಚಿನವರೆಗೆ ಬಂದು ಹಿಂದಕ್ಕೆ ಸರಿದನು. ಮತ್ತೆ ಬಂದು ಹೊರಗೆ ನುಸುಳಿದನು. ಟಬ್ಬಿನ ಅರ್ಧ ಸ್ಪಂಜನ್ನೂ ತೊಳೆಯದ ಹರಳುಗಳನ್ನೂ ಹಿಂದೆಯೇ ತಂದು ತೊಟ್ಟಿಯಲ್ಲಿ ಇರಿಸಿದರು.

ಮೊದಲ ಎರಡು ದಿನ ಮೀನುಗಳು ತಳದ ಮೂಲೆಯಲ್ಲಿ ಅಲುಗದೆ ನಿಂತವು. ಇಷ್ಟು ವಿಸ್ತಾರದ ನೀರಿದ್ದರೂ ಟಬ್ಬಿನಷ್ಟೇ ಜಾಗದಲ್ಲಿ ಸುತ್ತಿದವು. ಎರಡನೆಯ ರಾತ್ರಿ ಹಿಂಗಾರಿಯ ಗುಡುಗುಮಳೆ ಬಂದು ವಿದ್ಯುತ್ತು ಹೋಯಿತು. ಗಾಳಿಯ ಪಂಪು ನಿಂತಿತು. ಮಾಸ್ತರರು ಲಾಟೀನನ್ನು ದೂರ ಇಟ್ಟು, ಚಂಬಿನಿಂದ ನೀರನ್ನು ಎತ್ತಿ ಎತ್ತಿ ಎತ್ತರದಿಂದ ಸುರಿಯತೊಡಗಿದರು. ಬೀಳುವ ನೀರು ತನ್ನೊಡನೆ ಗಾಳಿಯನ್ನು ಒಯ್ಯುವದು. ಹುಡುಗಿಯು ಎಚ್ಚತ್ತು ಬಂದು ಪಕ್ಕದಲ್ಲಿ ಕುಳಿತಳು. "ಮುತ್ಯಾ, ಇವೂ ಸಾಯ್ತಾವೇನು?" ಎಂದು ಕೇಳಿದಳು. ಇಲ್ಲವೆಂದು ಹೇಳಿ ಮಗುವನ್ನು ಮಲಗಿಸುವದು ಸುಲಭವಾಗಿತ್ತು. ಮಾಸ್ತರರು ಹಾಗೆ ಹೇಳಲಿಲ್ಲ. "ಹೋದ ಸಲ ನನಗ ಗೊತ್ತಿದ್ದದ್ದನ್ನ ನಾ ಮಾಡ್ಲಿಲ್ಲ. ಈ ಸಲ ಗೊತ್ತಿದ್ದದ್ದೆಲ್ಲ ಮಾಡೀನಿ. ಮುಂದಿಂದು ನನಗ ಗೊತ್ತಿಲ್ಲವ್ವಾ" ಎಂದರು. ಹುಡುಗಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ಕೈಯೊಳಗಿನ ಚಂಬನ್ನು ತೆಗೆದುಕೊಂಡಳು. ಇಬ್ಬರೂ ಸರದಿಯಂತೆ ಸುರಿದರು. ಸುಮಾರು ಮೂರು ಗಂಟೆಗೆ ದೀಪ ಬಂದಿತು.

ಮೂರನೆಯ ದಿನ ಬೆಳಿಗ್ಗೆ ಶುಕ್ರನು ತೊಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಈಸಿದನು. ಬಾಲವು ಎಲ್ಲಿಯೂ ಗೋಡೆಗೆ ತಗಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬುಧನೂ ಹೊರಟನು. ಅಂದು ಚಿಟಿಕೆ ಆಹಾರವನ್ನಷ್ಟೇ ಇಕ್ಕಿದರು. ಮುಂದೆ ಎರಡು ವಾರ ದಿನಾಲು ಪರೀಕ್ಷಿಸಿದರು. ಅಮೋನಿಯಾ ಒಮ್ಮೆ ತುಸು ಕಾಣಿಸಿದಾಗ ಹತ್ತರಲ್ಲಿ ಎರಡು ಪಾಲು ನೀರನ್ನು ಬದಲಿಸಿದರು. ಮತ್ತೆ ಕಾಣಿಸಲಿಲ್ಲ. ಹೊಸ ಮೀನುಗಳನ್ನು ತಂದು ಸೇರಿಸುವ ಮಾತು ಬಂದಾಗ ಹುಡುಗಿಯೇ ಬೇಡವೆಂದಳು.

ದೀಪಾವಳಿಗೆ ತಂದೆತಾಯಿಗಳು ಬಂದರು. ಜೂನದಲ್ಲಿ ಮಗಳನ್ನು ಒಮ್ಮೆಲೆ ಕರೆದೊಯ್ಯುವದೆಂದು ಅವರ ಯೋಚನೆ. ಅಜ್ಜಿಯು ತೊಟ್ಟಿಯ ಕಡೆಗೆ ಒಮ್ಮೆ ನೋಡಿ, ಹಾಗೆ ಬೇಡವೆಂದಳು. ಈಗ ಎಂಟು ದಿನ ಒಯ್ದು ಕಳಿಸಿರಿ. ಸಂಕ್ರಾಂತಿಗೆ ಮತ್ತೆ ಕೆಲವು ದಿನ. ಅಲ್ಲಿಯ ಶಾಲೆಯನ್ನು ಬರಿಯ ನೋಡಿಬರಲಿ. ಇಲ್ಲಿಯ ಹಾಸಿಗೆ, ಹೊದಿಕೆ, ಪಾಟಿಚೀಲ ತೊಳೆಯದೆ ಅವಳೊಡನೆ ಬರಲಿ ಎಂದಳು. ಕೊನೆಯ ಮಾತಿಗೆ ಎಲ್ಲರೂ ನಕ್ಕರು. ಆದರೆ ಹಾಗೆಯೇ ಮಾಡುವದೆಂದು ಗೊತ್ತಾಯಿತು. ಹುಡುಗಿಯು ಹೊರಡುವ ಮುಂಜಾನೆ ನೋಟುಪುಸ್ತಕವನ್ನು ಅಜ್ಜನ ಕೈಗೆ ಕೊಟ್ಟು, ಒಂದು ದಿನವೂ ತಪ್ಪಿಸಬಾರದೆಂದು ಕಟ್ಟುಮಾಡಿ ಬಸ್ಸನ್ನು ಹತ್ತಿದಳು.

ಅಂದು ಸಂಜೆ ದೀಪ ಹಚ್ಚಿದ ಮೇಲೆ ಮಾಸ್ತರರು ಕನ್ನಡಕವನ್ನಿಟ್ಟುಕೊಂಡು ನೋಟುಪುಸ್ತಕವನ್ನು ತೆರೆದರು. ಮೊದಲನೆಯ ಪುಟವನ್ನು ಓದಿದರು. ಅದನ್ನು ಹರಿಯುವ ಮನಸ್ಸಾಗಲಿಲ್ಲ, ಹರಿಯಲೂ ಬಾರದು. ಪುಟಗಳನ್ನು ತಿರುವಿ ಆ ದಿನದ ತಾರೀಖಿನ ಮುಂದೆ ಬರೆದರು: ಅಮೋನಿಯಾ ಶೂನ್ಯ. ನೈಟ್ರೈಟು ಶೂನ್ಯ. ಉಷ್ಣ ೨೪ ಅಂಶ. ಬುಧ, ಶುಕ್ರ ಇಬ್ಬರೂ ಕ್ಷೇಮ. ನೀರು ಬದಲಿಸುವದು ರವಿವಾರ.